ಕಾಣದ ಗಿರಾಕಿಗೆ ಕೊಡುವ ಮಾತು

ಗಾಣದ ಎಣ್ಣೆಯಂಥ ಸಣ್ಣ ಉದ್ಯಮಕ್ಕೆ ವೆಬ್‌ಸೈಟ್ ಬಂದ ಮೇಲೆ ಎರಡು ಹಳೆಯ ಪ್ರಶ್ನೆಗಳು ಹೊಸದಾಗಿ ಎದುರು ನಿಲ್ಲುತ್ತವೆ. ಗಿರಾಕಿಗೆ ಎಷ್ಟು ಹೇಳಬೇಕು? ಎಷ್ಟು ಮಾರಿದರೆ ಸಾಕು?

ಗಾಣದ ಮನೆಗೆ ಬಂದು ಎಣ್ಣೆ ಕೊಳ್ಳುವವರು ನಮ್ಮ ಮಾತಿಗಿಂತ ಮೊದಲು ತಮ್ಮ ಮೂಗನ್ನು ನಂಬುತ್ತಾರೆ. ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ಮೂಸಿ, ನಾಲಿಗೆಗೆ ಹಚ್ಚಿ ನೋಡುತ್ತಾರೆ. ದನ ಸಾಕಿದವರಾದರೆ ಹಿಂಡಿಯ ಚೂರನ್ನು ಕೈಯಲ್ಲಿ ಮುರಿದು ನೋಡುತ್ತಾರೆ. ಬೀಜ ಎಲ್ಲಿಯದು, ಹೋದ ಸಲದ್ದಕ್ಕಿಂತ ಬಣ್ಣ ಯಾಕೆ ತಿಳಿ ಇದೆ ಎಂದು ವಿಚಾರಿಸುತ್ತಾರೆ. ಗಾಣ ಎದುರಿಗೇ ತಿರುಗುತ್ತಿರುವಾಗ ಮಾರುವವನಿಗೆ ಸುಳ್ಳು ಹೇಳುವ ಅವಕಾಶವೇ ಕಡಿಮೆ.

ಅದೇ ವ್ಯಾಪಾರಕ್ಕೆ ಒಂದು ವೆಬ್‌ಸೈಟ್ ಮಾಡಿಸಿದೆವೆನ್ನಿ. ವಾಸನೆ, ರುಚಿ, ಹಿಂಡಿ, ಗಾಣದ ಸದ್ದು ಎಲ್ಲ ಸಾಕ್ಷಿಗಳೂ ಒಮ್ಮೆಲೇ ಹೊರಗುಳಿಯುತ್ತವೆ. ಉಳಿಯುವುದು ಒಂದು ಫೋಟೊ, ಒಂದು ಬೆಲೆ, ನಾಲ್ಕು ಸಾಲು ಬರಹ. ಪುಣೆಯಲ್ಲೋ ಬೆಳಗಾವಿಯಲ್ಲೋ ಇರುವ ಯಾರೋ ಒಬ್ಬರು ರಾತ್ರಿ ಮಲಗುವ ಮುಂಚೆ ಆ ನಾಲ್ಕು ಸಾಲು ಓದಿ, ನಂಬಿ, ಯುಪಿಐನಲ್ಲಿ ದುಡ್ಡು ಹಾಕುತ್ತಾರೆ. ದುಡ್ಡು ಮೊದಲು ಬಂದಿರುತ್ತದೆ, ಎಣ್ಣೆ ಆಮೇಲೆ ಹೋಗುತ್ತದೆ. ಈ ನಡುವಿನ ನಾಲ್ಕಾರು ದಿನ ಅವರ ಕೈಯಲ್ಲಿರುವುದು ನಮ್ಮ ಮಾತು ಮಾತ್ರ. ಹಾಗಾಗಿ ಆ ಬರಹವನ್ನು ಜಾಹೀರಾತು ಎಂದು ತಿಳಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾಣದ ಮನುಷ್ಯರಿಗೆ ನಾವು ಮುಂಚಿತವಾಗಿ ಕೊಟ್ಟ ಮಾತು ಅದು.

ರೋಡ್ಸ್ ದ್ವೀಪದ ಧಾನ್ಯ

ಕಾಣದ್ದನ್ನು ಮಾರುವವನು ಎಷ್ಟು ಹೇಳಬೇಕು ಎಂಬ ಪ್ರಶ್ನೆ ಇಂಟರ್‌ನೆಟ್ ಜೊತೆ ಹುಟ್ಟಿದ್ದಲ್ಲ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಕುರಿತು ಒಂದು ಗ್ರಂಥ ಬರೆದ. ಅದರ ಮೂರನೆಯ ಭಾಗದಲ್ಲಿ ಒಬ್ಬ ವರ್ತಕನ ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯದ ಬೆಲೆ ಆಕಾಶಕ್ಕೇರಿದೆ. ಅಲೆಕ್ಸಾಂಡ್ರಿಯಾದಿಂದ ಹಡಗು ತುಂಬ ಧಾನ್ಯ ತಂದ ಒಬ್ಬ ಪ್ರಾಮಾಣಿಕ ವರ್ತಕ ಬಂದರು ಸೇರುತ್ತಾನೆ. ಇನ್ನೂ ಹಲವು ಹಡಗುಗಳು ಧಾನ್ಯ ಹೊತ್ತು ಹಿಂದೆಯೇ ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಈ ಸಂಗತಿಯನ್ನು ಅವನು ಊರವರಿಗೆ ಹೇಳಬೇಕೇ, ಸುಮ್ಮನಿದ್ದು ಸಿಕ್ಕಷ್ಟು ಬೆಲೆಗೆ ಮಾರಬಹುದೇ?

ಸ್ಟೋಯಿಕ್ ಪಂಥದ ಇಬ್ಬರು ಗುರುಗಳು ಇಲ್ಲಿ ಎರಡು ಕಡೆ ನಿಲ್ಲುತ್ತಾರೆ. ಬ್ಯಾಬಿಲೋನಿನ ಡಯೋಜಿನಿಸ್ ಹೇಳುವುದು ಇಷ್ಟು: ಕಾನೂನು ಕೇಳಿದ್ದನ್ನು ಹೇಳು, ಸುಳ್ಳಾಡಬೇಡ, ಉಳಿದಂತೆ ನಿನ್ನ ಸರಕು ನಿನ್ನದು, ಹೇಳದೆ ಇರುವುದು ಬೇರೆ, ಬಚ್ಚಿಡುವುದು ಬೇರೆ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕು ಎಂಬುದು ಅವನ ವಾದ. ಸಿಸೆರೊ ಕೊನೆಗೆ ಆಂಟಿಪೇಟರನ ಕಡೆ ವಾಲುತ್ತಾನೆ. ಕೊಳ್ಳುವವರು ತಿಳಿಯಬೇಕಾದ್ದನ್ನು ಸ್ವಂತ ಲಾಭಕ್ಕಾಗಿ ಅವರಿಗೆ ತಿಳಿಯದಂತೆ ನೋಡಿಕೊಳ್ಳುವುದು ಬಚ್ಚಿಡುವುದೇ ಎಂದು ತೀರ್ಮಾನಿಸುತ್ತಾನೆ.

ಅಂಗಡಿಯಲ್ಲಿ ಡಯೋಜಿನಿಸನ ದಾರಿಯಲ್ಲಿ ಒಂದಿಷ್ಟು ದೂರ ನಡೆಯಬಹುದು. ಅಲ್ಲಿ ಕೊಳ್ಳುವವರಿಗೆ ಕಣ್ಣು, ಮೂಗು, ಪ್ರಶ್ನೆ ಎಲ್ಲ ಇವೆ. ನಾವು ಹೇಳದ್ದನ್ನು ಅವರೇ ಪತ್ತೆ ಮಾಡುತ್ತಾರೆ. ವೆಬ್‌ಸೈಟಿನಲ್ಲಿ ಕೊಳ್ಳುವವರಿಗೆ ಆ ಸೌಲಭ್ಯ ಇಲ್ಲ. ಅವರ ಕೈಕಾಲು ಕಟ್ಟಿದಷ್ಟೂ ನಮ್ಮ ಬಾಯಿ ಬಿಚ್ಚಬೇಕು.

ಸುಳ್ಳಲ್ಲದ ಮೋಸ

ಎಣ್ಣೆ ವ್ಯಾಪಾರದಲ್ಲಿ ಅಪ್ಪಟ ಸುಳ್ಳಿಗಿಂತ ಅಪಾಯಕಾರಿಯಾದದ್ದು ಅರ್ಧ ನಿಜ. ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಕಡಲೆಕಾಯಿ ಎಣ್ಣೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದರೆ ಯಾರೂ ತಪ್ಪು ಹಿಡಿಯಲಾರರು. ಆದರೆ ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಕೊಬ್ಬಿನಲ್ಲಿ. ಬೀಜದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಗಣನೆಗೆ ಬರುವಷ್ಟು ಇರುವುದಿಲ್ಲ, ರಿಫೈನ್ಡ್ ಎಣ್ಣೆಯಲ್ಲೂ ಇಲ್ಲ. ನಮ್ಮದರಲ್ಲಿ ಮಾತ್ರ ಇಲ್ಲ ಎಂಬ ಭಾವನೆ ಓದುವವರಲ್ಲಿ ಮೂಡಿಸುವುದೇ ಆ ಸಾಲಿನ ಉದ್ದೇಶವಾದರೆ, ಅದು ನಿಜದ ಬಾಯಿಂದ ಆಡಿಸಿದ ಸುಳ್ಳು. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಂಡಿನೋವು ಹೋಗುತ್ತದೆ ಎಂಬಂಥ ಮಾತುಗಳ ಬಗ್ಗೆ ಚರ್ಚೆಯೇ ಬೇಡ. ಎಣ್ಣೆ ಅಡುಗೆಗೆ, ಔಷಧಿ ವೈದ್ಯರಿಗೆ.

ಹಾಗಾದರೆ ಬರೆಯಬೇಕಾದ್ದೇನು? ಗಾಣದ ಎಣ್ಣೆಯ ತಳದಲ್ಲಿ ಗಷ್ಟು ನಿಲ್ಲಬಹುದು. ರಿಫೈನ್ಡ್ ಎಣ್ಣೆಗಿಂತ ಇದು ಬೇಗ ಹೊಗೆಯಾಡುತ್ತದೆ; ಹೆಚ್ಚು ಕಾಯಿಸಿ ಕರಿಯುವಾಗ ಗಮನವಿರಲಿ. ತುಂಬ ದಿನ ಇಟ್ಟರೆ ಕಮಟು ಬರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಈ ಕೊನೆಯ ಸಾಲನ್ನು ಮೊದಲೇ ಬರೆದಿಟ್ಟರೆ, ಡಿಸೆಂಬರಿನಲ್ಲಿ ಪಾರ್ಸೆಲ್ ಬಿಚ್ಚಿದವರು ಬೆಳ್ಳಗೆ ಗಟ್ಟಿಯಾದ ಎಣ್ಣೆ ಕಂಡು ಕಲಬೆರಕೆ ಎಂದು ಗಾಬರಿಪಡುವುದು ತಪ್ಪುತ್ತದೆ.

ಅಳತೆಯ ವಿಷಯವೂ ಹೀಗೇ. ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಒಂದು ಕಿಲೋ ಅಲ್ಲ, ಸುಮಾರು 910 ಗ್ರಾಂ. ಎಣ್ಣೆ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ತೂಕ ಮಾತ್ರ ಬದಲಾಗುವುದಿಲ್ಲ. ಹೆಚ್ಚಿನ ಉಷ್ಣಾಂಶದ ಲೆಕ್ಕ ತೋರಿಸಿ ಪೊಟ್ಟಣದಲ್ಲಿ ಒಂದಿಷ್ಟು ಉಳಿಸಿಕೊಳ್ಳುವ ದಾರಿ ಇಲ್ಲಿ ಹುಟ್ಟುತ್ತದೆ. ಆ ದಾರಿ ಮುಚ್ಚಲೆಂದೇ ಕೇಂದ್ರ ಸರ್ಕಾರ 2022ರಲ್ಲಿ, ಉಷ್ಣಾಂಶ ನಮೂದಿಸದೆ ಪ್ರಮಾಣದ ಜೊತೆ ತೂಕವನ್ನೂ ಬರೆಯಿರಿ ಎಂದು ಖಾದ್ಯತೈಲ ತಯಾರಕರಿಗೆ ಸೂಚಿಸಿತು. ಸೂಚನೆ ಬರುವ ಮುಂಚೆಯೂ ಎರಡನ್ನೂ ಬರೆಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಕಾನೂನು ನಿಲ್ಲುವ ಜಾಗ

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ವೆಬ್‌ಸೈಟಿನಲ್ಲಿ ಮಾರುವವರಿಂದ ಹೆಸರು, ವಿಳಾಸ, ದೂರು ಕೇಳುವವರ ವಿವರಗಳನ್ನು ಕೇಳುತ್ತವೆ. ದೂರು ಬಂದರೆ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ನಾವೇ ಗಿರಾಕಿಯ ಸೋಗಿನಲ್ಲಿ ನಮ್ಮನ್ನು ಹೊಗಳಿ ಬರೆಯುವಂತಿಲ್ಲ. 2023ರ ನವೆಂಬರ್ 30ರಂದು ಬಂದ ಮಾರ್ಗಸೂಚಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊಳ್ಳುವವರನ್ನು ಪರದೆಯ ಮೇಲೆ ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿತು. ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇವುಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಕರೆದಿದ್ದರು. ‘ಎರಡೇ ಬಾಟಲಿ ಉಳಿದಿವೆ’ ಎಂಬ ಹುಸಿ ಅವಸರ, ಕೇಳದೆಯೇ ಬುಟ್ಟಿಗೆ ಸೇರಿಸಿದ ಇನ್ನೊಂದು ಸಾಮಾನು, ಹಣ ಕಟ್ಟುವ ಕೊನೆಯ ಹಂತದಲ್ಲಿ ತಲೆಯೆತ್ತುವ ಹೆಚ್ಚುವರಿ ಶುಲ್ಕ, ಬೇಡವೆಂದವರನ್ನು ನಾಚಿಸುವ ವಾಕ್ಯ ಎಲ್ಲವೂ ಆ ಪಟ್ಟಿಯಲ್ಲಿವೆ.

ಈ ತಂತ್ರಗಳನ್ನು ವೆಬ್‌ಸೈಟ್ ಮಾಡಿಕೊಡುವವರು ‘ಎಲ್ಲರೂ ಹಾಕಿಸುತ್ತಾರೆ’ ಎಂದು ಸಲೀಸಾಗಿ ಮುಂದಿಡುತ್ತಾರೆ. ಸಣ್ಣ ಉದ್ಯಮಿ ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಕಾನೂನು ಡಯೋಜಿನಿಸನ ಹಾಗೆ. ಇಷ್ಟಾದರೂ ಮಾಡು ಎನ್ನುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಈ ವರ್ಷ ಮಳೆ ಕೈಕೊಟ್ಟು ಬೀಜ ಸಣಕಲಾಗಿದೆ, ಹೋದ ವರ್ಷದ ರುಚಿ ಇಲ್ಲ ಎಂದು ಪುಟದಲ್ಲಿ ಬರೆಯಿರಿ ಎಂದು ಯಾವ ನಿಯಮವೂ ಹೇಳುವುದಿಲ್ಲ. ಅದನ್ನು ಬರೆಯುವ ಉದ್ಯಮಿ ಒಂದು ಹಂಗಾಮಿನ ಮಾರಾಟದಲ್ಲಿ ಒಂದಿಷ್ಟು ಕಳೆದುಕೊಳ್ಳಬಹುದು. ಮುಂದಿನ ವರ್ಷ ‘ಈ ಸಲದ ಎಣ್ಣೆ ಚೆನ್ನಾಗಿದೆ’ ಎಂದು ಬರೆದಾಗ ಆ ಮಾತಿಗೆ ತೂಕ ಇರುತ್ತದೆ.

ಸಾಕು ಎನ್ನುವ ಧೈರ್ಯ

ಎಷ್ಟು ಮಾರಿದರೆ ಸಾಕು ಎಂಬ ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಊರಿನ ಅಂಗಡಿಗೆ ಊರೇ ಮಿತಿ. ವೆಬ್‌ಸೈಟಿಗೆ ಮಿತಿಯೇ ಇಲ್ಲ. ಒಂದು ವಿಡಿಯೊ ಹತ್ತು ಜನರಿಗೆ ತಲುಪಿ ಹರಡಿದರೆ ವಾರದೊಳಗೆ ಗಾಣ ಅರೆಯಲಾರದಷ್ಟು ಆರ್ಡರ್ ಬಂದು ಬೀಳುತ್ತದೆ. ಗಾಣಕ್ಕೆ ಅದರದೇ ಆದ ನಡಿಗೆ ಇದೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ ಬೀಜ ಬೇಕು. ಅವಸರಪಡಿಸಿ ವೇಗ ಏರಿಸಿದರೆ ತಿಕ್ಕಾಟಕ್ಕೆ ಎಣ್ಣೆ ಬಿಸಿಯಾಗುತ್ತದೆ. ಬಿಸಿಯಾಗದೆ ಬಂದ ಎಣ್ಣೆ ಎಂಬ ಹೆಗ್ಗಳಿಕೆಯೇ ಆಗ ಸುಳ್ಳಾಗುತ್ತದೆ. ಆ ಹೊತ್ತಿಗೆ ಸುಲಭದ ದಾರಿಯೊಂದು ಕಣ್ಣೆದುರು ಇರುತ್ತದೆ: ಹೊರಗಿನಿಂದ ಎಣ್ಣೆ ತರಿಸು, ನಮ್ಮ ಚೀಟಿ ಅಂಟಿಸು, ಕಳಿಸು.

ಈ ಗಳಿಗೆಯಲ್ಲಿ ನನಗೆ ನೆನಪಾಗುವುದು ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯನ ಕಾಯಕ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅಷ್ಟು ಯಾಕೆ, ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಎಣ್ಣೆ ತೆಗೆಯುವ ಕಸುಬಿನ ಗಾಣದ ಕಣ್ಣಪ್ಪನೂ ಶರಣರ ಸಾಲಿನಲ್ಲಿದ್ದ. ದುಡಿಮೆಯನ್ನೇ ಪೂಜೆಯೆಂದು ಕಂಡ ಜನ ದುಡಿಮೆಯ ಅಳತೆಯನ್ನೂ ಕಂಡುಕೊಂಡಿದ್ದರು ಎನ್ನುವುದು ಈ ಕಥೆಯ ಸಾರ.

ಲಕ್ಕಮ್ಮನ ಮಾತನ್ನು ಬಡತನದ ಉಪದೇಶವೆಂದು ಓದಬೇಕಾಗಿಲ್ಲ. ಸಣ್ಣ ಉದ್ಯಮಕ್ಕೆ ಬಾಡಿಗೆ ಕಟ್ಟಬೇಕು, ಸಂಬಳ ಕೊಡಬೇಕು, ಸಾಲ ತೀರಿಸಬೇಕು. ಲಾಭ ಬೇಕೇ ಬೇಕು. ನಮ್ಮ ಕೈಯಿಂದ ನಿಜವಾಗಿ ಆಗುವುದೆಷ್ಟು ಎಂಬ ಲೆಕ್ಕ ಲಾಭದ ಲೆಕ್ಕಕ್ಕಿಂತ ಮೊದಲು ಬರಬೇಕು ಎಂಬುದಷ್ಟೇ ಅದರ ಅರ್ಥ. ಕಡಲೆಕಾಯಿ ಹಂಗಾಮು ಬರುವುದಕ್ಕೆ ಮೊದಲೇ ಒಳ್ಳೆಯ ಬೀಜ ಮುಗಿದರೆ ವೆಬ್‌ಸೈಟಿನಲ್ಲಿ ‘ಸದ್ಯ ಎಣ್ಣೆ ಇಲ್ಲ, ಹೊಸ ಬೀಜ ಬಂದ ಮೇಲೆ ತಿಳಿಸುತ್ತೇವೆ’ ಎಂದು ಹಾಕಲು ಧೈರ್ಯ ಬೇಕು. ದೊಡ್ಡ ಕಂಪನಿಗೆ ಈ ಸಾಲು ನಷ್ಟ. ಗಾಣ ನಡೆಸುವವರಿಗೆ ಅದೇ ಮರ್ಯಾದೆ.

ಅದೇ ಪುಟ ಕನ್ನಡದಲ್ಲೂ ಇರಬೇಕೆಂಬುದು ನನ್ನ ಆಸೆ. ಬೀಜ ಬೆಳೆದ ರೈತ, ಗಾಣ ನೋಡಿಕೊಳ್ಳುವ ಕೆಲಸಗಾರ, ಬಾಟಲಿ ತುಂಬುವ ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲಿ ಲೋಕಕ್ಕೆ ಏನು ಹೇಳಲಾಗಿದೆ ಎಂದು ತಾವೇ ಓದುವಂತಿರಬೇಕು. ಅವರು ಓದಿ ‘ಹೌದು, ಹೀಗೇ’ ಎಂದರೆ ಯಾವ ಪ್ರಮಾಣಪತ್ರವೂ ಅದಕ್ಕೆ ಸಮವಲ್ಲ.

ಹೊಸದಾಗಿ ವೆಬ್‌ಸೈಟ್ ಮಾಡಿಸುವ ಸಣ್ಣ ಉದ್ಯಮಿಗಳಿಗೆ ನನ್ನದೊಂದು ಕೋರಿಕೆ. ಪುಟ ಸಿದ್ಧವಾದ ಮೇಲೆ, ಅದನ್ನು ತೆರೆಯುವ ಮುಂಚೆ, ಹತ್ತಾರು ವರ್ಷದಿಂದ ನಿಮ್ಮಲ್ಲಿ ಕೊಳ್ಳುತ್ತಿರುವ ಒಬ್ಬರನ್ನು ಕೂರಿಸಿಕೊಂಡು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಹೇಳಿ. ಅವರ ಮುಖ ನೋಡುತ್ತ ಓದಲು ಹಿಂಜರಿಕೆಯಾದ ಸಾಲನ್ನು ತೆಗೆದುಹಾಕಿ. ಅವರು ‘ಇದನ್ನು ಯಾಕೆ ಹೇಳಿಲ್ಲ?’ ಎಂದು ಕೇಳಿದ್ದನ್ನು ಸೇರಿಸಿ. ಮಾರಾಟ ಶುರುಮಾಡಲು ಅಷ್ಟು ಸಿದ್ಧತೆ ಸಾಕು. ಅದಕ್ಕಿಂತ ಕಡಿಮೆಯಾದರೆ ಸಾಲದು.