ಬೈಕಿನ ಹಾಡು, ಬ್ಯಾಟರಿಯ ಪಾಡು

ಅಕ್ಕನ ಫೋನು ಬಂದಾಗ ರಾತ್ರಿ ಎಂಟು ಗಂಟೆ. "ಇವ ಇನ್ನೂ ಬರಲಿಲ್ಲ. ತಲಕಾವೇರಿಗೆ ಹೋಗಿ ಆರು ಗಂಟೆಗೆಲ್ಲ ಮನೆಯಲ್ಲಿರ್ತೇನೆ ಅಂದಿದ್ದ. ಫೋನೂ ಸಿಗ್ತಾ ಇಲ್ಲ" ಎಂದಳು. ಅಕ್ಟೋಬರ್ ತಿಂಗಳು, ಮಳೆಗಾಲ ಮುಗಿದಿತ್ತು ಎನ್ನುವುದು ಪಂಚಾಂಗದ ಮಾತು. ಮಡಿಕೇರಿಯಲ್ಲಿ ಜಿಟಿಜಿಟಿ ಮಳೆ, ಮೇಲೆ ಮಂಜು. ಜೀಪು ತೆಗೆದುಕೊಂಡು ಭಾಗಮಂಡಲದ ದಾರಿ ಹಿಡಿದೆ. ಚೇರಂಬಾಣೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಇಬ್ಬರು ಹುಡುಗರು ಬೈಕೊಂದನ್ನು ಏರಿನಲ್ಲಿ ತಳ್ಳಿಕೊಂಡು ಬರುತ್ತಿದ್ದರು. ಒಬ್ಬ ನನ್ನ ಸೋದರಳಿಯ, ಇನ್ನೊಬ್ಬ ಅವನ ಕಾಲೇಜಿನ ಗೆಳೆಯ.

"ಪೆಟ್ರೋಲ್ ಮುಗಿಯಿತಾ?"

"ಇಲ್ಲ ಮಾವ, ಬ್ಯಾಟರಿ."

ಕಾರಣ ಆಮೇಲೆ ಹೊರಬಿತ್ತು. ಕೂಡಿಟ್ಟ ದುಡ್ಡಿನಲ್ಲಿ ಹುಡುಗ ಬೈಕಿಗೆ ಎರಡು ಸ್ಪೀಕರ್, ಒಂದು ಆಂಪ್ಲಿಫಯರ್ ಹಾಕಿಸಿದ್ದ. ಡಬ್ಬದ ಮೇಲೆ '400 ವಾಟ್' ಎಂದು ದಪ್ಪಕ್ಷರ. ಬರುವಾಗ ದಾರಿ ಬದಿ ನಿಲ್ಲಿಸಿ, ಎಂಜಿನ್ ಆರಿಸಿ, ಒಂದೂವರೆ ಗಂಟೆ ಹಾಡು ಕೇಳುತ್ತ ಕುಳಿತಿದ್ದಾರೆ. ಎದ್ದು ಬಟನ್ ಒತ್ತಿದರೆ 'ಟಿಕ್ ಟಿಕ್' ಬಿಟ್ಟು ಬೇರೆ ಸದ್ದಿಲ್ಲ. ಹಳೆಯ ಬುಲೆಟ್ ಆಗಿದ್ದರೆ ಕಿಕ್ಕರ್ ಒದ್ದು ಹೊರಡಬಹುದಿತ್ತು. ಈಗಿನ ಅನೇಕ ಬೈಕುಗಳಿಗೆ ಕಿಕ್ಕರೇ ಇಲ್ಲ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ, ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕಿನಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ದೂಡುವ ಪಂಪ್ ಕೂಡ ಕರೆಂಟಿನಿಂದಲೇ ನಡೆಯಬೇಕು. ಬ್ಯಾಟರಿ ಪೂರಾ ಸತ್ತರೆ ಎಷ್ಟು ತಳ್ಳಿದರೂ ಬೆವರು ಬರುತ್ತದೆ, ಎಂಜಿನ್ ಬರುವುದಿಲ್ಲ. ಜೀಪಿನ ಬ್ಯಾಟರಿಯಿಂದ ಕೇಬಲ್ ಕೊಟ್ಟು ಅಂದು ಮನೆ ಸೇರಿಸಿದ್ದಾಯಿತು. "ಅದನ್ನೆಲ್ಲ ಕಿತ್ತು ಹಾಕು" ಎಂಬುದು ಅಕ್ಕನ ತೀರ್ಪು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗೆ ಮಾತ್ರ ಕೀಳುವ ಮೊದಲು ಲೆಕ್ಕ ಹಾಕಿಸಬೇಕು ಅನ್ನಿಸಿತು.

ಡಬ್ಬ ಹೇಳಿದ್ದು, ಫ್ಯೂಸ್ ಹೇಳಿದ್ದು

ಮಾರನೆಯ ದಿನ ಆಂಪ್ಲಿಫಯರನ್ನು ಮೇಜಿನ ಮೇಲಿಟ್ಟು, "ಇದರ ಫ್ಯೂಸ್ ಎಷ್ಟರದು ನೋಡು ಮಾರಾಯ" ಎಂದೆ. 10 ಆಂಪಿಯರ್. ಬೈಕಿನದು 12 ವೋಲ್ಟ್. ಗುಣಿಸಿದರೆ 120 ವಾಟ್. ಒಳಗೆ ಹೋಗುವುದೇ 120 ವಾಟ್ ಆದರೆ ಹೊರಗೆ 400 ಎಲ್ಲಿಂದ ಬಂದೀತು? ಹತ್ತನೇ ತರಗತಿಯ ಹುಡುಗಿಯೂ ಮಾಡಬಹುದಾದ ಈ ಗುಣಾಕಾರವನ್ನು ಅಂಗಡಿಯಲ್ಲಿ ಯಾರೂ ಮಾಡುವುದಿಲ್ಲ. ಡಬ್ಬದ ಮೇಲಿನದು 'ಪೀಕ್' ವಾಟ್, ಕ್ಷಣಮಾತ್ರದ ಲೆಕ್ಕ, ಅದೂ ಉದಾರ ಮನಸ್ಸಿನದು. ನೀವು ಕೊಳ್ಳುವಾಗ ಕೇಳಬೇಕಾದದ್ದು 'ಆರ್‌ಎಂಎಸ್' ವಾಟ್.

ನಿಜಕ್ಕೂ ಎಷ್ಟು ಸಿಗುತ್ತದೆ? ಎಂಜಿನ್ ಓಡುವಾಗ ಬೈಕಿನ ವೋಲ್ಟೇಜು 14ರ ಆಸುಪಾಸು. ಒಳಗೆ ವೋಲ್ಟೇಜು ಏರಿಸುವ ಏರ್ಪಾಡಿಲ್ಲದ ಸಾದಾ ಆಂಪ್ಲಿಫಯರ್, 4 ಓಮ್ ಸ್ಪೀಕರಿಗೆ, ಒಂದೊಂದಕ್ಕೆ ಶುದ್ಧವಾಗಿ ಕೊಡಬಲ್ಲದ್ದು ಸುಮಾರು 20 ವಾಟ್. ಅದಕ್ಕಿಂತ ತಿರುಗಿಸಿದರೆ ಬರುವುದು ಹಾಡಲ್ಲ, ಹಾಡಿನ ಚೂರು. ಹೆಚ್ಚು ಬೇಕೆಂದರೆ ವೋಲ್ಟೇಜು ಏರಿಸಬೇಕು, ಇಲ್ಲವೇ 2 ಓಮ್ ಸ್ಪೀಕರ್ ಹಾಕಬೇಕು. ಎರಡರಲ್ಲೂ ಬ್ಯಾಟರಿಯಿಂದ ಎಳೆಯುವ ಕರೆಂಟು ಏರುತ್ತದೆ.

ಇನ್ನು ಬ್ಯಾಟರಿ. ಈಗಿನ 350 ಸಿ.ಸಿ. ಬೈಕುಗಳಲ್ಲಿ 8 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯ. ಹಾಡು ಸರಾಸರಿ 3 ಆಂಪಿಯರ್ ಎಳೆದರೆ ಒಂದೂವರೆ ಗಂಟೆಗೆ ನಾಲ್ಕೂವರೆ ಖರ್ಚು, ಅಂದರೆ ಅರ್ಧಕ್ಕಿಂತ ಹೆಚ್ಚು. ಉಳಿದದ್ದರಲ್ಲಿ ಚಳಿಯಲ್ಲಿ ಸ್ಟಾರ್ಟರ್ ಮೋಟಾರು ತಿರುಗಬೇಕು. ಎರಡು ಮೂರು ಸಲ ಬಟನ್ ಒತ್ತಿದರೆ ಅದೂ ಮುಗಿಯಿತು. ಚೇರಂಬಾಣೆಯ ರಹಸ್ಯ ಇಷ್ಟೇ. ಅಂಗಡಿಯವರು ಆಂಪ್ಲಿಫಯರನ್ನು ನೇರ ಬ್ಯಾಟರಿಗೆ ಕಟ್ಟಿದ್ದರು. ನಡುವೆ ಒಂದು ರಿಲೇ ಇಟ್ಟು, ಬೈಕಿನ ಕೀಲಿ ತಿರುಗಿಸಿದಾಗಷ್ಟೇ ಕರೆಂಟು ಹೋಗುವಂತೆ ಮಾಡಿದ್ದರೆ, ಕೀಲಿ ತೆಗೆದೊಡನೆ ಹಾಡೂ ನಿಲ್ಲುತ್ತಿತ್ತು. ಬ್ಯಾಟರಿಯ ಬುಡದಲ್ಲೊಂದು ಫ್ಯೂಸ್ ಕೂಡ ಇರಲಿಲ್ಲ. ವೈರು ಎಲ್ಲಾದರೂ ಸವೆದು ಚಾಸಿಗೆ ತಾಗಿದರೆ ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆಂಕಿ. ಅಪ್ಪ ಅಮ್ಮಂದಿರು ಸದ್ದಿಗೆ ಬೈಯುತ್ತಾರೆ. ನಿಜವಾಗಿ ಬಗ್ಗಿ ನೋಡಬೇಕಾದದ್ದು ಈ ಫ್ಯೂಸನ್ನು.

ಗಾಳಿಯ ಜೊತೆ ಜಗಳ

"ಹಾಗಾದರೆ ಇನ್ನೂ ದೊಡ್ಡ ಆಂಪ್ ಹಾಕಿಸಿದರೆ?" ಹುಡುಗನ ಮುಂದಿನ ಪ್ರಶ್ನೆ. ಇಲ್ಲಿ ಕಿವಿಯ ಸ್ವಭಾವ ಅಡ್ಡ ಬರುತ್ತದೆ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್, 'ಸ್ವಲ್ಪ ಜಾಸ್ತಿಯಾಯಿತೇನೋ' ಎನ್ನುವಷ್ಟು. ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಇಪ್ಪತ್ತು ಇದ್ದದ್ದು ಇನ್ನೂರಾಗಬೇಕು. ಅಷ್ಟು ಕರೆಂಟು ಬೈಕು ಹಡೆಯುವುದಿಲ್ಲ.

ಅದೇ 3 ಡೆಸಿಬೆಲ್ಲನ್ನು ಪುಕ್ಕಟೆ ಪಡೆಯುವ ದಾರಿಯಿದೆ. ಸ್ಪೀಕರಿನ ವಿವರ ಪತ್ರದಲ್ಲಿ 'ಸೆನ್ಸಿಟಿವಿಟಿ' ಎಂಬ ಅಂಕಿ ಇರುತ್ತದೆ: 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಸದ್ದು. 89ರ ಬದಲು 92 ಡೆಸಿಬೆಲ್ ಇರುವ ಸ್ಪೀಕರ್ ಹಾಕಿದರೆ ಆಂಪ್ಲಿಫಯರನ್ನು ದುಪ್ಪಟ್ಟು ಮಾಡಿದಂತೆಯೇ. ಬದಲಾಯಿಸುವುದಿದ್ದರೆ ಮೊದಲು ಸ್ಪೀಕರ್, ಆಮೇಲೆ ಬೇಕಿದ್ದರೆ ಆಂಪ್ಲಿಫಯರ್. ಅದೂ 'ಕ್ಲಾಸ್ ಡಿ' ನಮೂನೆಯದು. ಹಳೆಯ ನಮೂನೆಯವು ಎಳೆದ ಕರೆಂಟಿನ ಅರ್ಧದಷ್ಟನ್ನು ಬಿಸಿ ಮಾಡಿ ಕಳೆಯುತ್ತವೆ. ಇದರಲ್ಲಿ ಎಂಬತ್ತು ಪಾಲಿಗೂ ಹೆಚ್ಚು ಸ್ಪೀಕರಿಗೇ ಹೋಗುತ್ತದೆ. ನಮ್ಮ ಮಳೆಗೆ ಕಾಗದದ ಕೋನ್ ಇರುವ ಸ್ಪೀಕರ್ ಒಂದು ಆಟಿ ಕಳೆಯುವುದರೊಳಗೆ ಅಪ್ಪಳವಾಗುತ್ತದೆ. ದೋಣಿಗೆಂದು ಮಾಡಿದ, ಪ್ಲಾಸ್ಟಿಕ್ ಕೋನಿನ ಸ್ಪೀಕರುಗಳು ಸಿಗುತ್ತವೆ. ಕೊಡಗಿನ ಜೂನ್-ಜುಲೈಗೂ ಸಮುದ್ರಕ್ಕೂ ಅಂಥ ವ್ಯತ್ಯಾಸವಿಲ್ಲ.

ಎದುರಾಳಿ ಮಾತ್ರ ಬೇರೆಯೇ ಇದ್ದಾನೆ, ಗಾಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನ ಒಳಗೆ ಗಾಳಿಯ ಮೊರೆತವೇ 100 ಡೆಸಿಬೆಲ್ ಸುಮಾರಿಗೆ ಇರುತ್ತದೆ ಎಂದು ಅಳೆದವರು ಹೇಳುತ್ತಾರೆ. ಅದನ್ನು ಮೀರಿ ಹಾಡು ಕೇಳಬೇಕೆಂದರೆ ಇನ್ನೂ ಮೇಲೆ ಹೋಗಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 'ನಿಯೋಷ್' ಕೊಟ್ಟಿರುವ ಮಿತಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ಲಿಗೆ ಈ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ! ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿ.ಮೀ.; ಹುಣಸೂರು ಬರುವುದರೊಳಗೇ ದಿನದ ಪಾಲು ಮುಗಿದಿರುತ್ತದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಕಳೆದದ್ದು ನಲವತ್ತರಲ್ಲಿ ಗೊತ್ತಾಗುತ್ತದೆ.

ಅಮೆರಿಕದ ಹೆದ್ದಾರಿಗಳಿಗೆ ಒಗ್ಗಿದ ದೊಡ್ಡ ಟೂರಿಂಗ್ ಬೈಕುಗಳು, ಉದಾಹರಣೆಗೆ 1975ರಲ್ಲಿ ಮಾರುಕಟ್ಟೆಗೆ ಬಂದ ಹೊಂಡಾ ಗೋಲ್ಡ್ ವಿಂಗ್‌ನ ಮುಂದಿನ ಪೀಳಿಗೆಗಳು, ಇದಕ್ಕೆ ಕಂಡುಕೊಂಡ ಉಪಾಯ ಮುಂದುಗಡೆಯ ಎತ್ತರದ ಗಾಜು. ಗಾಳಿಯನ್ನು ಸವಾರನ ಆಚೆ ತಿರುಗಿಸಿ, ಆ ನೆರಳಿನಲ್ಲಿ ಸ್ಪೀಕರ್ ಕೂರಿಸುತ್ತಾರೆ. ನಮ್ಮ ಹುಡುಗರು ಗಾಜು ಬಿಟ್ಟು ಸ್ಪೀಕರ್ ಮಾತ್ರ ತರುತ್ತಾರೆ.

ಇಲ್ಲಿನ ದಾರಿಗೆ ಇನ್ನೊಂದು ಮಾತಿದೆ. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಸಿಗುತ್ತದೆ: ಬಿದಿರು ಮುರಿಯುವ ಸದ್ದು, ಹಲಸಿನ ಕೊಂಬೆ ಲಟಕ್ಕೆನ್ನುವುದು. ಅಲ್ಲಿ ಬೆಳೆದವರು ಆ ಸದ್ದಿಗೆ ಬೈಕು ನಿಲ್ಲಿಸಿ, ದೀಪ ಆರಿಸದೆ, ಹಿಂದಕ್ಕೆ ಸರಿಯುತ್ತಾರೆ. ಹಾಡು ಹಾಕಿಕೊಂಡು ಬರುವ ಪ್ರವಾಸಿಗೆ ಆ ಮುನ್ಸೂಚನೆ ಇಲ್ಲ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಎದುರಿನಿಂದ ಬರುವ ಬಸ್ಸಿನ ಹಾರ್ನಿಗೂ ಇದೇ ಮಾತು. ಕಾನೂನೂ ಸುಮ್ಮನಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

ಕೊನೆಗೆ ಎಲ್ಲವನ್ನೂ ಕೀಳಲಿಲ್ಲ. '400 ವಾಟ್' ಹೋಯಿತು. ಸಣ್ಣದೊಂದು ಕ್ಲಾಸ್ ಡಿ ಆಂಪ್ಲಿಫಯರ್, 92 ಡೆಸಿಬೆಲ್ಲಿನ ಎರಡು ಸ್ಪೀಕರ್, ಮುಂದೊಂದು ಗಾಜು ಬಂದವು. ರಿಲೇ ಮತ್ತು ಫ್ಯೂಸನ್ನು ಹುಡುಗ ತಾನೇ ಕೂತು ಕಟ್ಟಿದ. ಮೊದಲ ಸಲ ವೈರು ಉಲ್ಟಾ ಕೊಟ್ಟು ಒಂದು ಫ್ಯೂಸ್ ಸುಟ್ಟ. ಹತ್ತು ರೂಪಾಯಿಯ ಪಾಠ. ಐವತ್ತರ ವೇಗದಲ್ಲಿ ಮಡಿಕೇರಿ ಆಕಾಶವಾಣಿಯ 103.1 ಸ್ಪಷ್ಟವಾಗಿ ಕೇಳುತ್ತದೆ, ಬೆಟ್ಟ ಅಡ್ಡ ಬರುವ ತನಕ. ಎಫ್.ಎಂ. ಅಲೆಗಳು ಬೆಟ್ಟವನ್ನು ಬಳಸಿಕೊಂಡು ಬರುವುದಿಲ್ಲ. ಅದಕ್ಕೆ ಯಾವ ಆಂಪ್ಲಿಫಯರಿನಲ್ಲೂ ಮದ್ದಿಲ್ಲ. ತೋಟದ ರಸ್ತೆ ಸಿಕ್ಕಿದೊಡನೆ ಅವನೇ ಆರಿಸುತ್ತಾನೆ.

ಅಕ್ಕನಿಗೆ ಈಗ ಹೊಸ ದೂರು. ಮೊದಲು ಎರಡು ಫರ್ಲಾಂಗ್ ದೂರದಿಂದಲೇ ಹಾಡು ಕೇಳಿ ಮಗ ಬಂದನೆಂದು ಅನ್ನಕ್ಕೆ ಇಡುತ್ತಿದ್ದಳಂತೆ. "ಈಗ ಕಳ್ಳನ ಹಾಗೆ ಬಂದು ಬಾಗಿಲು ತಟ್ಟುತ್ತಾನೆ" ಎನ್ನುತ್ತಾಳೆ.