ಹತ್ತೊಂಬತ್ತನೇ ಗೇಟು ಮತ್ತು ನಮ್ಮ ಜಗಳ

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಯ್ತು, ಗೇಟು ನೀರಲ್ಲಿ ಕೊಚ್ಚಿಕೊಂಡು ಹೋಯ್ತು. ಭಾನುವಾರ ಬೆಳಿಗ್ಗೆ ಹೊತ್ತಿಗೆ ಬಳ್ಳಾರಿಯ ಒಗ್ಗರಣೆ-ಮಿರ್ಚಿ ಅಂಗಡಿಗಳಿಂದ ಹಿಡಿದು ಸಿರುಗುಪ್ಪದ ರೈಸ್ ಮಿಲ್‌ಗಳ ತನಕ, ಕುರುಗೋಡಿನ ಬಸ್ ಸ್ಟ್ಯಾಂಡ್ ತನಕ ಒಂದೇ ಮಾತು. ಆ ಮಾತು ಅರ್ಧ ಗಂಟೆಯಲ್ಲಿ ಜಗಳ ಆಯ್ತು. ನಮ್ಮ ಸ್ಟುಡಿಯೋದಲ್ಲಿ ಅರ್ಧ ಗಂಟೆಯೂ ಬೇಕಾಗಲಿಲ್ಲ ಬಿಡಿ, ಹತ್ತೇ ನಿಮಿಷ ಸಾಕಾಯ್ತು.

ಆವತ್ತಿನ ಜಗಳದಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದ್ವು. ಗೇಟು ಯಾಕೆ ಹೋಯ್ತು, ಈಗ ನೀರು ಏನಾಗುತ್ತೆ ಅನ್ನೋದು ವಿಜ್ಞಾನದ ಪ್ರಶ್ನೆ. ಯಾರ ತಪ್ಪು ಅನ್ನೋದು ರಾಜಕೀಯದ್ದು. ನಾಟಿ ಮಾಡಿದ ಭತ್ತ ಉಳಿಯುತ್ತಾ ಅನ್ನೋದು ಹೊಟ್ಟೆಪಾಡಿನದ್ದು. ಒಬ್ಬರು ಮೊದಲನೇ ಪ್ರಶ್ನೆ ಕೇಳಿದ್ರೆ ಇನ್ನೊಬ್ಬರು ಎರಡನೆಯದಕ್ಕೆ ಉತ್ತರ ಕೊಡ್ತಿದ್ರು. ಮೂರನೇ ಪ್ರಶ್ನೆ ಕೇಳಿದ ರೈತನಿಗೆ ಯಾರೂ ಉತ್ತರ ಕೊಡಲಿಲ್ಲ.

ಮೊದಲು ನೀರಿನ ಮಾತು. "ಡ್ಯಾಮ್ ಪೂರ್ತಿ ಖಾಲಿ ಆಗುತ್ತೆ" ಅಂತ ಆವತ್ತು ಎಷ್ಟು ಜನ ಹೇಳಿದ್ರು! ಹಾಗಾಗೋಕೆ ಸಾಧ್ಯ ಇಲ್ಲ. ಯಾಕೆ ಅಂತ ಅರ್ಥ ಆಗೋಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮಟ್ಟ 1,633 ಅಡಿ. ಗೇಟುಗಳು ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅಂದ್ರೆ ಗೇಟಿನ ಬುಡ ಕೂರೋದು 1,613 ಅಡಿಯಲ್ಲಿ, ಕಲ್ಲಿನ ಕಟ್ಟಡದ ನೆತ್ತಿಯ ಮೇಲೆ. ಅದಕ್ಕಿಂತ ಕೆಳಗಿರೋ ನೀರಿಗೆ 19ನೇ ಗೇಟಿನ ಕಡೆಯಿಂದ ಹೊರಗೆ ಹೋಗೋ ದಾರಿಯೇ ಇಲ್ಲ. ಕೊಡದ ಬಾಯಿ ಒಡೆದ್ರೆ ಬಾಯಿ ಮಟ್ಟದ ನೀರು ಹೋಗುತ್ತೆ, ತಳದ್ದು ಅಲ್ಲೇ ಇರುತ್ತೆ. ಅಪಾಯ ಇರಲಿಲ್ಲ ಅಂತ ಹೇಳ್ತಿಲ್ಲ. ಆ ಮೇಲಿನ 20 ಅಡಿಯಲ್ಲಿ ಜಲಾಶಯ ಅಗಲವಾಗಿ ಹರಡಿಕೊಂಡಿರುತ್ತೆ, ಹಾಗಾಗಿ ಅರ್ಧಕ್ಕಿಂತ ಹೆಚ್ಚು ನೀರು ಇರೋದೇ ಅಲ್ಲಿ. ರಿಪೇರಿಗೆ ಸುಮಾರು 60 ಟಿಎಂಸಿ ಹೊರಗೆ ಬಿಡಬೇಕಾಗಬಹುದು ಅನ್ನೋ ಮಾತು ಮೊದಲ ದಿನಗಳಲ್ಲಿ ಬಂದಿದ್ದು ಅದಕ್ಕೇ. 105 ಟಿಎಂಸಿಯಲ್ಲಿ 60 ಹೋದ್ರೆ ಎಲ್‌ಎಲ್‌ಸಿ ಕಾಲುವೆ ನಂಬಿ ನಾಟಿ ಮಾಡಿದ ಸಿರುಗುಪ್ಪ, ಕುರುಗೋಡಿನ ರೈತನ ಗತಿ ಏನು? ಅವನ ಭಯ ನಿಜವಾದದ್ದು. "ಖಾಲಿ ಆಗುತ್ತೆ" ಅಂದವರ ಮಾತು ಮಾತ್ರ ನಿಜವಲ್ಲ. ಎರಡೂ ಒಂದೇ ದನಿಯಲ್ಲಿ ಬಂದ್ರೆ ಕೇಳೋನಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಎರಡನೇ ಜಗಳ ಇನ್ನೂ ಜೋರು. "ಹೋಗಿದ್ದು ಒಂದು ಗೇಟು, ಉಳಿದ ಗೇಟು ಯಾಕೆ ತೆಗೆದ್ರು? ಕೆಳಗಿನವರಿಗೆ ನೀರು ಬಿಡೋಕೆ ಇದೊಂದು ನೆಪ." ಕೇಳೋಕೆ ಸರಿ ಅನ್ನಿಸುತ್ತೆ, ಹೌದಲ್ವಾ? ಈಗ ಲೆಕ್ಕ ನೋಡಿ.

ಒಂದು ಗೇಟಿನ ಮೇಲೆ ನೀರು ಎಷ್ಟು ಬಲದಲ್ಲಿ ತಳ್ಳುತ್ತೆ? "105 ಟಿಎಂಸಿ ನೀರಿನ ಭಾರ" ಅಂತ ಸುಮಾರು ಜನ ಹೇಳಿದ್ರು. ಅಲ್ಲ. ನೀರಿನ ಒತ್ತಡ ನಿರ್ಧಾರ ಆಗೋದು ಆಳದಿಂದ, ಹಿಂದೆ ಎಷ್ಟು ದೂರ ನೀರು ಹರಡಿದೆ ಅನ್ನೋದರಿಂದ ಅಲ್ಲ. 20 ಅಡಿ ನೀರು ನಿಂತಾಗ 60 ಅಡಿ ಅಗಲದ ಗೇಟಿನ ಮೇಲೆ ಬೀಳೋ ಬಲ ಸುಮಾರು 340 ಟನ್. ಈಗ ನೀರನ್ನ ಬರೀ 5 ಅಡಿ ಇಳಿಸಿ. ಕಾಲು ಭಾಗ ಇಳಿಸಿದ್ರೆ ಬಲವೂ ಕಾಲು ಭಾಗ ಇಳಿದು 255 ಆಗಬೇಕು ಅಂತ ನಮಗೆ ಅನ್ನಿಸುತ್ತೆ. ಆದರೆ ಅದು ಸುಮಾರು 190 ಟನ್‌ಗೆ ಇಳಿಯುತ್ತೆ, ಯಾಕಂದ್ರೆ ಆಳ ಕಮ್ಮಿ ಆದಾಗ ಒತ್ತಡವೂ ಕಮ್ಮಿ, ನೀರು ತಾಗೋ ಜಾಗವೂ ಕಮ್ಮಿ. 10 ಅಡಿ ಇಳಿಸಿದ್ರೆ ಬರೀ 85 ಟನ್. ಉಳಿದ 32 ಗೇಟುಗಳೂ ಆಗ ಅದೇ ವಯಸ್ಸಿನವಾಗಿದ್ವು, ಅದೇ ತರದ ಚೈನಿನಲ್ಲಿ ನೇತಾಡ್ತಿದ್ವು. ಒಂದರ ಚೈನ್ ತುಂಡಾದ ರಾತ್ರಿ ಉಳಿದವನ್ನ ನಂಬಿ ಕೂರೋಕೆ ಯಾವ ಇಂಜಿನಿಯರಿಗೆ ಧೈರ್ಯ ಬರುತ್ತೆ? ಮೇಲಿಂದ ಹೊಸ ತಡೆ ಇಳಿಸಬೇಕಾದರೂ ನುಗ್ಗೋ ನೀರಿನ ಎತ್ತರ ಕಮ್ಮಿ ಆಗಲೇಬೇಕು. ಗೇಟು ತೆಗೆದದ್ದು ಅದಕ್ಕೆ.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಆ ವಾರ ನಮ್ಮ ಪರದೆ ಮೇಲೆ "ಒಂದೇ ಗೇಟಿನಿಂದ 35 ಸಾವಿರ ಕ್ಯುಸೆಕ್" ಅಂತ ದೊಡ್ಡ ಅಕ್ಷರದಲ್ಲಿ ಓಡ್ತು. ಎಲ್ಲರೂ ಹೇಳ್ತಿದ್ರು, ನಾವೂ ಹೇಳಿದ್ವಿ. ಎರಡು ದಿನ ಬಿಟ್ಟು ಸಿರುಗುಪ್ಪ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ರು. "ಸಾರ್, ಒಂದು ಭಾಗಾಕಾರ ಮಾಡಿ ಹೇಳ್ರಿ. ಡ್ಯಾಮಿನ 33 ಗೇಟೂ ತೆಗೆದ್ರೆ ಹೋಗೋ ಗರಿಷ್ಠ ನೀರು ಆರೂವರೆ ಲಕ್ಷ ಕ್ಯುಸೆಕ್ ಅಂತ ಲೆಕ್ಕ ಐತೆ. ಒಂದಕ್ಕೆ ಎಷ್ಟಾತು?" ನಾನು ಮಾಡಿದೆ. ಇಪ್ಪತ್ತು ಸಾವಿರಕ್ಕೂ ಕಮ್ಮಿ. "ಹಂಗಾದ್ರೆ ಒಂದೇ ಗೇಟಿಂದ 35 ಸಾವಿರ ಹೆಂಗೆ ಹೋತು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಒಂದು ಕ್ಯುಸೆಕ್ ನೀರು ಇಡೀ ದಿನ ಹರಿದ್ರೆ 86,400 ಘನ ಅಡಿ. 35 ಸಾವಿರ ಕ್ಯುಸೆಕ್ ಅಂದ್ರೆ ದಿನಕ್ಕೆ ಮೂರು ಟಿಎಂಸಿ, 20 ಸಾವಿರ ಅಂದ್ರೆ ಒಂದೂಮುಕ್ಕಾಲು. ಗದ್ದೆಯಲ್ಲಿ ಸಸಿ ಇಟ್ಟುಕೊಂಡು ಕೂತವನಿಗೆ ಇದು ಹತ್ತು ದಿನದಲ್ಲಿ ಸುಮಾರು ಹದಿಮೂರು ಟಿಎಂಸಿ ವ್ಯತ್ಯಾಸ. ಮೇಷ್ಟ್ರು ನಮ್ಮ ಚಾನೆಲ್ಲಿಗೆ ಬೈಯಲಿಲ್ಲ, ಯಾವ ಪಾರ್ಟಿ ಕಡೆಯವರು ಅಂತಲೂ ಕೇಳಲಿಲ್ಲ. ಭಾಗಾಕಾರ ಮಾಡಿಸಿದ್ರು, ಅಷ್ಟೇ. ಆ ತಿಂಗಳು ನನ್ನ ಮುಂದೆ ಕೂತ ಎಂಟು ಜನ ಪ್ಯಾನೆಲಿಸ್ಟ್‌ಗಳಲ್ಲಿ ಯಾರೂ ಅದನ್ನ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಕೊನೆಗೆ 60 ಟಿಎಂಸಿ ಬಿಡೋ ಪರಿಸ್ಥಿತಿ ಬರಲಿಲ್ಲ. ನಿವೃತ್ತ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸ್ತು. 20 ಅಡಿಯ ಗೇಟಿನ ಬದಲು ನಾಲ್ಕು ನಾಲ್ಕು ಅಡಿಯ ಐದು ತುಂಡು, ಒಂದರ ಮೇಲೊಂದು. ಆಗಸ್ಟ್ 16ಕ್ಕೆ ಮೊದಲನೆಯದು, 17ಕ್ಕೆ ಐದೂ ಮುಗಿದ್ವು. ಆಮೇಲೆ ಮಳೆ ಕೈ ಹಿಡೀತು, ಜಲಾಶಯ ಮತ್ತೆ ತುಂಬ್ತು.

ಈಗ ಹೂಳಿನ ಮಾತಿಗೆ ಬರೋಣ. ನಮ್ಮ ಭಾಗದಲ್ಲಿ ಯಾವ ಚರ್ಚೆ ಶುರುವಾದ್ರೂ ಕೊನೆಗೆ ಬಂದು ನಿಲ್ಲೋದು ಇಲ್ಲೇ. "ಹೂಳು ತೆಗೆಸ್ರಿ, ಎಲ್ಲಾ ಸರಿ ಹೋಗುತ್ತೆ. ಮನಸ್ಸಿಲ್ಲ ಅಷ್ಟೇ." ಎಲ್ಲಾ ಪಕ್ಷದವರೂ ವಿರೋಧ ಪಕ್ಷದಲ್ಲಿದ್ದಾಗ ಇದನ್ನ ಹೇಳಿದ್ದಾರೆ.

ಡ್ಯಾಮ್ ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ, ಈಗ 105.78. ಹೂಳಿಗೆ ಹೋಗಿದ್ದು 27 ಟಿಎಂಸಿ. ಒಂದು ಟಿಎಂಸಿಗೆ 2.83 ಕೋಟಿ ಘನ ಮೀಟರ್, ಹಾಗಾಗಿ ಒಟ್ಟು ಸುಮಾರು 76 ಕೋಟಿ ಘನ ಮೀಟರ್ ಹೂಳು. ಒಂದು ಟಿಪ್ಪರ್‌ಗೆ ಹತ್ತು ಘನ ಮೀಟರ್ ಹಿಡಿಯಿರಿ. ಏಳೂವರೆ ಕೋಟಿ ಲೋಡ್‌ಗಿಂತ ಹೆಚ್ಚಾಯ್ತು. ಗಣಿಯ ಕಾಲದಲ್ಲಿ ಸಂಡೂರು ರಸ್ತೆಯಲ್ಲಿ ಲಾರಿ ಸಾಲು ನೋಡಿದ ಬಳ್ಳಾರಿ ಜನಕ್ಕೆ ನಾನು ಲಾರಿ ಲೆಕ್ಕ ಹೇಳಿಕೊಡಬೇಕಿಲ್ಲ. ದಿನಕ್ಕೆ ಹತ್ತು ಸಾವಿರ ಲೋಡ್, ಭಾನುವಾರ ಹಬ್ಬ ಮಳೆಗಾಲ ಯಾವುದಕ್ಕೂ ರಜಾ ಇಲ್ಲ ಅಂದುಕೊಂಡ್ರೂ 21 ವರ್ಷ. ಅಷ್ಟರಲ್ಲಿ ಹೊಳೆ ಸುಮ್ಮನಿರುತ್ತಾ? ಎಪ್ಪತ್ತು ವರ್ಷದಲ್ಲಿ 27 ಟಿಎಂಸಿ ತುಂಬಿದೆ ಅಂದ್ರೆ ಸರಾಸರಿ ವರ್ಷಕ್ಕೆ ಹತ್ತು-ಹನ್ನೊಂದು ಲಕ್ಷ ಲೋಡ್ ಹೊಸದಾಗಿ ಬರುತ್ತೆ. ಆಗ 21 ಹೋಗಿ 30 ವರ್ಷ ಆಗುತ್ತೆ. ನಿಜದಲ್ಲಿ ಟಿಪ್ಪರ್ ಒಳಗೆ ಇಳಿಯೋದು ಬೇಸಿಗೆಯ ಕೆಲವೇ ತಿಂಗಳು. ತೆಗೆದ ಮಣ್ಣು ಎಲ್ಲಿ ಸುರೀಬೇಕು ಅನ್ನೋದಕ್ಕೆ ಬೇರೆ ಪ್ಯಾನೆಲ್ ಡಿಸ್ಕಷನ್ ಇಡಬೇಕು!

ಹೂಳು ತೆಗೀಬೇಡಿ ಅಂತ ನಾನು ಹೇಳ್ತಿಲ್ಲ. ರೈತರು ದಂಡೆಯ ಹೂಳು ಹೊಲಕ್ಕೆ ಹೊಡೆದುಕೊಂಡ್ರೆ ಒಳ್ಳೇದೇ. ಆದರೆ ಅದರಿಂದ 27 ಟಿಎಂಸಿ ವಾಪಸ್ ಬರಲ್ಲ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಅನ್ನೋ ಪ್ರಸ್ತಾವ ಹುಟ್ಟಿದ್ದೇ ಈ ಲೆಕ್ಕದಿಂದ. ಅದಕ್ಕೆ ಮುಳುಗೋ ಜಮೀನು ಎಷ್ಟು, ಆಂಧ್ರ ತೆಲಂಗಾಣ ಒಪ್ತಾವಾ ಅನ್ನೋದರ ಮೇಲೆ ಬೇಕಾದಷ್ಟು ವಾದ ಮಾಡಬಹುದು, ಮಾಡಬೇಕು ಕೂಡ. ಏಳೂವರೆ ಕೋಟಿ ಲೋಡ್‌ನ ಗುಣಾಕಾರದ ಮೇಲೆ ವಾದ ಮಾಡೋಕೆ ಏನೂ ಇಲ್ಲ.

ಯಾರ ತಪ್ಪು? ಆವತ್ತು ರಾಜ್ಯದಲ್ಲಿದ್ದವರು ಮಂಡಳಿ ಕಡೆ ಕೈ ತೋರಿಸಿದ್ರು, ವಿರೋಧ ಪಕ್ಷದವರು ರಾಜ್ಯ ಸರ್ಕಾರದ ಕಡೆ. ತುಂಗಭದ್ರಾ ಮಂಡಳಿ ಹೇಗಿದೆ ಅಂತ ಗೊತ್ತಿದ್ರೆ ಇಬ್ಬರ ಕೈಯೂ ಅರ್ಧ ದಾರಿಯಲ್ಲೇ ನಿಲ್ಲುತ್ತೆ. ಅಧ್ಯಕ್ಷರನ್ನ ನೇಮಿಸೋದು ಕೇಂದ್ರ. ಸದಸ್ಯರು ಕರ್ನಾಟಕ, ಆಂಧ್ರ, ತೆಲಂಗಾಣದವರು. ಕೆಲಸ ಮಾಡೋ ಇಂಜಿನಿಯರ್‌ಗಳು ರಾಜ್ಯಗಳಿಂದ ನಿಯೋಜನೆ ಮೇಲೆ ಬಂದವರು, ಖರ್ಚು ಕೊಡೋದೂ ರಾಜ್ಯಗಳೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. 19ನೇ ಗೇಟಿನ ಚೈನನ್ನ ಕೊನೇ ಸಲ ಪರೀಕ್ಷೆ ಮಾಡಿದ್ದು ಯಾವಾಗ? ವರದಿ ಏನು ಹೇಳ್ತು? ಆ ವರದಿ ಯಾರ ಮೇಜಿನ ಮೇಲೆ ಕೂತಿತ್ತು? ಇದಕ್ಕೆ ಉತ್ತರ ಕಾಗದದಲ್ಲಿರುತ್ತೆ, ಘೋಷಣೆಯಲ್ಲಿ ಇರಲ್ಲ.

ಈ ಮಂಡಳಿಯ ಹುಟ್ಟೇ ಒಂದು ದೊಡ್ಡ ಜಗಳದ ಮಧ್ಯೆ ಆಗಿದ್ದು. 1945ರ ಫೆಬ್ರುವರಿಯಲ್ಲಿ ಡ್ಯಾಮಿಗೆ ಅಡಿಗಲ್ಲು ಬಿದ್ದಾಗ ಒಂದು ದಡ ಹೈದರಾಬಾದ್ ನಿಜಾಮರದ್ದು, ಇನ್ನೊಂದು ದಡ ಮದ್ರಾಸಿನದ್ದು. 1953ರಲ್ಲಿ ಆಂಧ್ರ ರಾಜ್ಯ ಬೇರೆ ಆಗುವಾಗ ಬಳ್ಳಾರಿ ಯಾರಿಗೆ ಅನ್ನೋ ಪ್ರಶ್ನೆ ಬಂತು. ಬಳ್ಳಾರಿ ತಾಲ್ಲೂಕಿನ ವಿಷಯ ತೀರ್ಮಾನ ಮಾಡೋಕೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ಆಯೋಗ ಕೂತಿತು. ಎರಡೂ ಕಡೆಯವರು ಭಾಷೆಯ ಲೆಕ್ಕ, ವ್ಯಾಪಾರದ ಲೆಕ್ಕ, ಡ್ಯಾಮಿನ ಲೆಕ್ಕ ಎಲ್ಲಾ ಆಯೋಗದ ಮುಂದೆ ಇಟ್ರು. ಕೊನೆಗೆ ಬಳ್ಳಾರಿ, ಸಿರುಗುಪ್ಪ ನಮ್ಮ ಕಡೆ ಉಳಿದ್ವು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದ್ವು. ಆಯೋಗದ ಮುಂದೆ ಕಾಗದ ಇಟ್ಟು ವಾದ ಮಾಡಿದ ಅದೇ ವರ್ಷ, ಅದೇ ಬಳ್ಳಾರಿಯಲ್ಲಿ, ವಿಲೀನದ ಸಂಭ್ರಮಕ್ಕೆ ಹಾಕಿದ ಪೆಂಡಾಲು ಕಾಯ್ತಿದ್ದ ಪಿಂಜಾರ ರಂಜಾನ್ ಸಾಹೇಬರ ಮೇಲೆ ಆಸಿಡ್ ಎರಚಿ ಕೊಂದ್ರು. ವಾದ ಸೋತವರ ಕೈಗೆ ಏನು ಬರಬಹುದು ಅನ್ನೋದು ನಮ್ಮೂರಿಗೆ ಹೊಸದಲ್ಲ. ಅದಕ್ಕೇ ಸ್ಟುಡಿಯೋದಲ್ಲಿ ಯಾರಾದ್ರೂ ಮೇಜು ಕುಟ್ಟಿದಾಗ, ಟಿಆರ್‌ಪಿ ಬರುತ್ತೆ ಅಂತ ಗೊತ್ತಿದ್ರೂ, ನನಗೆ ಒಳಗೊಳಗೇ ಇರಿಸುಮುರಿಸು.

2025ರಲ್ಲಿ ಜಗಳ ಮತ್ತೆ ಶುರುವಾಯ್ತು. ಹಳೇ ಗೇಟುಗಳ ಮೇಲೆ ಭಾರ ಬೇಡ ಅಂತ ಸಂಗ್ರಹವನ್ನ 80 ಟಿಎಂಸಿಗೆ ನಿಲ್ಲಿಸಿದ್ರು. ಗೇಟು ಬದಲಿಸೋ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆಯ್ತು. ಮೇಲಿನ 340, 190 ಟನ್‌ನ ಲೆಕ್ಕ ನೆನಪಿಟ್ಟುಕೊಂಡ್ರೆ 80 ಟಿಎಂಸಿಯ ಮಿತಿ ಯಾಕೆ ಅಂತ ಅರ್ಥ ಆಗುತ್ತೆ. ನೀರು ಗೇಟಿನ ಬುಡಕ್ಕಿಂತ ಕೆಳಗೆ ಇಳಿಯದೆ ಹೊಸ ಗೇಟು ಕೂರಿಸೋದು ಕಷ್ಟ ಅನ್ನೋದೂ ಅರ್ಥ ಆಗುತ್ತೆ.

ಇದನ್ನೆಲ್ಲಾ ಒಂದು ಸಂಜೆ ಪರದೆ ಮೇಲೆ ಚಿತ್ರ ಬರೆದು ವಿವರಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಕುರುಗೋಡು ಕಡೆಯ ರೈತರೊಬ್ಬರು ಫೋನ್ ಮಾಡಿದ್ರು. "ಅಣ್ಣಾ, ನೀನು ಹೇಳಿದ ಲೆಕ್ಕ ಒಪ್ಪಿದೆ. ಗೇಟು ಹಾಕ್ಲಿ, ನಾನೇನು ಬ್ಯಾಡ ಅಂದೆನಾ? ಗುತ್ತಿಗೆ ಹೊಲದವನಿಗೆ ಎರಡು ಬೆಳೆ ಲೆಕ್ಕ ಹಾಕಿ ದುಡ್ಡು ಕೊಟ್ಟೀನಿ. ಒಂದು ಬೆಳೆ ಹೋತು. ಆ ದುಡ್ಡು ಯಾರು ಕೊಡ್ತಾರೆ, ಎಕರೆಗೆ ಎಷ್ಟು ಕೊಡ್ತಾರೆ, ಯಾವಾಗ ಕೊಡ್ತಾರೆ? ಇದನ್ನ ಕೇಳು ಅವರನ್ನ."

ಮರುದಿನ ರಾತ್ರಿ ಎಂಟಕ್ಕೆ ಎರಡೂ ಪಕ್ಷದ ವಕ್ತಾರರನ್ನ ಕೂರಿಸಿ ಅವರ ಮೂರೂ ಪ್ರಶ್ನೆಯನ್ನ ಅವರ ಮಾತಲ್ಲೇ ಓದಿದೆ. ಒಬ್ಬರು 2008ರ ಮಾತು ಎತ್ತಿದ್ರು, ಇನ್ನೊಬ್ಬರು 2013ರದ್ದು. ಮತ್ತೆ ಓದಿದೆ. ಬ್ರೇಕ್ ಬಂತು. ಬ್ರೇಕ್ ಆದ ಮೇಲೆ ಮೂರನೇ ಸಲ ಓದಿದೆ.