ಎದ್ದು ನಿಂತರೂ ಪೆಟ್ಟು ಪೆಟ್ಟೇ

ಜಮಖಂಡಿ, ಮುಧೋಳದ ಗರಡಿಯಾಗಲಿ, ಬೀಳಗಿ, ರಬಕವಿ-ಬನಹಟ್ಟಿಯ ಕಬಡ್ಡಿ ಅಂಕಣವಾಗಲಿ, ತಲೆ ನೆಲಕ್ಕೆ ಬಡಿದ ಹುಡುಗ ಎದ್ದು ನಿಂತನೆಂದರೆ ಎಲ್ಲರಿಗೂ ನಿರಾಳ. ಆದರೆ ಮೆದುಳು ಅಲುಗಿ ಆಗುವ ‘ಕನ್ಕಷನ್‌’ನಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ! ಸ್ಕ್ಯಾನ್‌ನಲ್ಲೂ ಅದು ಸಾಮಾನ್ಯವಾಗಿ ಕಾಣದು.

2020ರ ಡಿಸೆಂಬರ್‌ 4ರಂದು ಕ್ಯಾನ್‌ಬೆರಾದ ಕ್ರಿಕೆಟ್‌ ಪಂದ್ಯದಲ್ಲಿ ಹೆಲ್ಮೆಟ್‌ಗೆ ಚೆಂಡು ಬಡಿದ ಮೇಲೂ ರವೀಂದ್ರ ಜಡೇಜ ಬ್ಯಾಟಿಂಗ್‌ ಮುಂದುವರಿಸಿದ್ದರು. ತಲೆಸುತ್ತು ಬಂದದ್ದು ಆಮೇಲೆ. ಅವರ ಬದಲಿಗೆ ಇಳಿದ ಯಜುವೇಂದ್ರ ಚಾಹಲ್‌ 3 ವಿಕೆಟ್‌ ಪಡೆದು ಪಂದ್ಯಶ್ರೇಷ್ಠರಾದರು.

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್‌ ಸ್ಪರ್ಧೆಯಲ್ಲಿ ಹೊಡೆತ ತಿಂದು ಕುಸಿದ ಮೈಸೂರಿನ ಯುವಕ ಮಾತ್ರ ಉಳಿಯಲಿಲ್ಲ.

ಕನ್ಕಷನ್‌ನ ಸಂಶಯ ಬಂದರೆ ಸಾಕು, ವಸ್ತಾದರು, ಪಿ.ಟಿ. ಮಾಸ್ತರರು ಅಂದಿನ ಆಟ ನಿಲ್ಲಿಸಲೇಬೇಕು. ರಾತ್ರಿ ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತ ಹೋದರೆ, ಮಾತು ತೊದಲಿದರೆ ಮನೆಯವರು ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.